ಹಾಸನದಲ್ಲಿಲ್ಲದ ಹಾಸನ ರಸ್ತೆ

ಹಾಸನದಲ್ಲಿ ಬೇಲೂರು ರಸ್ತೆ ಇದೆ, ಅರಸೀಕೆರೆ ರಸ್ತೆ ಇದೆ, ಸಾಲಗಾಮೆ ರಸ್ತೆ ಇದೆ, ಹೊಳೆನರಸೀಪುರ ರಸ್ತೆ ಇದೆ. ಹಾಸನ ರಸ್ತೆ ಮಾತ್ರ ಇಲ್ಲ. ಅದನ್ನು ನೋಡಬೇಕೆಂದರೆ ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಹೋಗಬೇಕು. ಅಲ್ಲಿ ಅದು ದೊಡ್ಡ ರಸ್ತೆ. ಅಂಗಡಿ ಬೋರ್ಡುಗಳ ಕೆಳಸಾಲಿನಲ್ಲಿ, ಲಗ್ನಪತ್ರಿಕೆಯ ಕಲ್ಯಾಣಮಂಟಪದ ವಿಳಾಸದಲ್ಲಿ, ಎಲ್ಲೆಲ್ಲೂ ಹಾಸನ ರಸ್ತೆ. ಇಲ್ಲಿಂದ ಹೊರಡುವಾಗ ಹೊಳೆನರಸೀಪುರ ರಸ್ತೆ ಎನಿಸಿಕೊಂಡದ್ದು ಮೂವತ್ತು ಚಿಲ್ಲರೆ ಕಿಲೋಮೀಟರ್ ಕಳೆಯುವುದರೊಳಗೆ ಹಾಸನ ರಸ್ತೆ ಆಗಿಬಿಟ್ಟಿರುತ್ತದೆ. ಟಾರು ಅದೇ, ಸಾಗುವ ಬಸ್ಸೂ ಅದೇ. ಹೆಸರು ಬದಲಾದ ಜಾಗ ಯಾವುದು? ಮೊಸಳೆ ಹೊಸಹಳ್ಳಿಯ ಆಚೆಯೋ, ಈಚೆಯೋ? ಅಲ್ಲೊಂದು ಕಲ್ಲು ನೆಟ್ಟವರಿಲ್ಲ.

ದಿನಾ ಕಣ್ಣೆದುರಿಗಿರುವ ಸಂಗತಿ ಇದು. ಆದರೂ ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ಊರಿನ ಹೆಸರು ಊರಿನವರಿಗೆ ಅಷ್ಟಾಗಿ ಬೇಕಾಗುವುದಿಲ್ಲ, ಬೇಕಾಗುವುದು ಪಕ್ಕದೂರಿನವರಿಗೆ. ಹಾಸನದವರು ತಮ್ಮ ರಸ್ತೆಗಳನ್ನು ನೆರೆಯವರ ಹೆಸರಿಗೆ ಬರೆದುಕೊಟ್ಟಿದ್ದಾರೆ, ನೆರೆಯವರು ತಮ್ಮ ರಸ್ತೆಗಳನ್ನು ಹಾಸನದ ಹೆಸರಿಗೆ. ಇದಕ್ಕಾಗಿ ಸಭೆ ಸೇರಲಿಲ್ಲ, ಠರಾವು ಆಗಲಿಲ್ಲ. ಗಾಡಿ ಹೊಡೆದವರು, ಸಂತೆಗೆ ನಡೆದವರು, ಮಗಳನ್ನು ಕೊಟ್ಟ ಊರಿಗೆ ಬುತ್ತಿ ಹೊತ್ತವರು, 'ಈ ದಾರಿ ಎಲ್ಲಿಗೆ ಹೋಯ್ತದೆ?' ಎಂಬ ಪ್ರಶ್ನೆಗೆ ಕೊಟ್ಟ ಉತ್ತರವೇ ಹೆಸರಾಗಿ ನಿಂತಿದೆ.

ಹೊಳೆನರಸೀಪುರದ ಚನ್ನರಾಯಪಟ್ಟಣ ರಸ್ತೆಯನ್ನೇ ನೋಡಿ. ಚನ್ನರಾಯಪಟ್ಟಣಕ್ಕೆ ಮೊದಲಿದ್ದ ಹೆಸರು ಕೊಳತೂರು. ಗೆಜೆಟಿಯರ್ ಹೇಳುವಂತೆ, ಸುಮಾರು 1600ರಲ್ಲಿ ಹೊಳೆನರಸೀಪುರದ ಪಾಳೇಗಾರ ಲಕ್ಷ್ಮಪ್ಪ ನಾಯಕ ಆ ಊರನ್ನು ಗೆದ್ದು ಮಗ ಚನ್ನರಾಯನಿಗೆ ಕೊಟ್ಟ. ಮಗನಿಗೆ ಆ ಹೆಸರು ಬಂದದ್ದು ಚನ್ನಿಗರಾಯಸ್ವಾಮಿಯಿಂದ. ಹಾಗಾಗಿ ದೇವರ ಹೆಸರು ಮಗನಿಗೆ, ಮಗನ ಹೆಸರು ಊರಿಗೆ, ಊರಿನ ಹೆಸರು ರಸ್ತೆಗೆ ಇಳಿದುಬಂತು. ಇವತ್ತು ಆ ರಸ್ತೆಯಲ್ಲಿ ತೆಂಗಿನಕಾಯಿ ತುಂಬಿದ ಟೆಂಪೊಗಳು ಓಡಾಡುತ್ತವೆ, ಕಾಲೇಜು ಹುಡುಗರು ಬೈಕಿನಲ್ಲಿ ಹೋಗುತ್ತಾರೆ. ತಂದೆಯ ಊರಿನಿಂದ ಮಗನ ಊರಿಗೆ ಹೋಗುವ ದಾರಿಯಲ್ಲಿ ತಾವಿದ್ದೇವೆ ಎಂಬುದು ಅವರಲ್ಲಿ ಯಾರಿಗೂ ತಿಳಿದಿರಲಿಕ್ಕಿಲ್ಲ. ಆದರೂ ದಿನಕ್ಕೆ ಎಷ್ಟು ಬಾಯಿಗಳು ಆ ಮಗನ ಹೆಸರು ಹಿಡಿದು ಕರೆಯುತ್ತವೆ! ನಾನೂರು ವರ್ಷಗಳ ಹಿಂದಿನ ಒಬ್ಬ ಹುಡುಗನಿಗೆ ಇಷ್ಟು ಆಯುಸ್ಸು ಸಿಕ್ಕಿದ್ದು ಕೋಟೆಯಿಂದಲ್ಲ, ಬಸ್ಸಿನ ಬೋರ್ಡಿನಿಂದ.

ಈ ಸೀಮೆಯ ಅತಿ ದೊಡ್ಡ ರಸ್ತೆಯ ಹೆಸರು ಅತಿ ಚಿಕ್ಕದು: ಬಿ.ಎಂ. ರಸ್ತೆ. ಹಾಸನದಲ್ಲೂ ಅದೇ, ಚನ್ನರಾಯಪಟ್ಟಣದಲ್ಲೂ ಅದೇ. ಬೆಂಗಳೂರು–ಮಂಗಳೂರು ಎಂಬುದನ್ನು ಎರಡು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ, ಅವನ್ನು ಪೂರಾ ಕನ್ನಡದ ಅಕ್ಷರಗಳೇ ಮಾಡಿಕೊಂಡಿದ್ದೇವೆ. ಬಿ.ಎಂ. ಅಂದರೆ ಏನೆಂದು ಕೇಳಿದರೆ ಎಷ್ಟೋ ಜನ ಒಂದು ಕ್ಷಣ ಯೋಚಿಸುತ್ತಾರೆ. ಹೆಸರು ಅಷ್ಟು ಒಳಗೆ ಇಳಿದಿದೆ. ರಾಮನಗರ, ಚನ್ನಪಟ್ಟಣದ ಕಡೆ ಹೋದರೆ ಅಲ್ಲೂ ಬಿ.ಎಂ. ರಸ್ತೆ, ಅಲ್ಲಿ 'ಎಂ' ಎಂದರೆ ಮೈಸೂರು. ಒಂದೇ ಅಕ್ಷರ, ಒಂದು ಕಡೆ ಸಮುದ್ರಕ್ಕೆ ಕರೆದೊಯ್ಯುತ್ತದೆ, ಇನ್ನೊಂದು ಕಡೆ ಅರಮನೆಗೆ.

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ಬದಲಾದವು. ಬ್ಯಾಂಗಲೋರ್ ಬೆಂಗಳೂರಾಯಿತು, ಮ್ಯಾಂಗಲೋರ್ ಮಂಗಳೂರಾಯಿತು, ಮೈಸೋರ್ ಮೈಸೂರಾಯಿತು. ರೈಲು ನಿಲ್ದಾಣದ ಫಲಕ, ಸರ್ಕಾರಿ ಮೊಹರು, ಎಲ್ಲವನ್ನೂ ತಿದ್ದಬೇಕಾಯಿತು. ಬಿ.ಎಂ. ರಸ್ತೆಯಲ್ಲಿ ಒಂದು ಚುಕ್ಕಿಯನ್ನೂ ತಿದ್ದಬೇಕಾಗಲಿಲ್ಲ. ಹೊಸ ಹೆಸರುಗಳಿಗೂ ಅವೇ ಎರಡು ಅಕ್ಷರ ಸರಿಹೊಂದಿದವು.

ಆ ಭಾಗ್ಯ ರಸ್ತೆಯ ನಂಬರಿಗೆ ಇರಲಿಲ್ಲ. ಹಾಸನದವರು ತಲೆಮಾರುಗಳ ಕಾಲ ಇದನ್ನು ರಾಷ್ಟ್ರೀಯ ಹೆದ್ದಾರಿ 48 ಎಂದು ಬಲ್ಲವರು. 2010ರಲ್ಲಿ ಕೇಂದ್ರ ಸರ್ಕಾರ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಿತು. ಉತ್ತರ–ದಕ್ಷಿಣ ಹೋಗುವ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವ–ಪಶ್ಚಿಮ ಹೋಗುವವಕ್ಕೆ ಬೆಸಸಂಖ್ಯೆ. ಬೆಸಸಂಖ್ಯೆಗಳು ಉತ್ತರದಿಂದ ದಕ್ಷಿಣಕ್ಕೆ ಬಂದಂತೆ ಏರುತ್ತವೆ. ಲೆಕ್ಕ ಅಚ್ಚುಕಟ್ಟಾದದ್ದೇ. ಆ ಲೆಕ್ಕದಲ್ಲಿ ನಮ್ಮ ರಸ್ತೆ 75 ಆಯಿತು: ಬಂಟ್ವಾಳದಿಂದ ಹೊರಟು ಸಕಲೇಶಪುರ, ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ದಾಟಿ, ಬೆಂಗಳೂರು, ಕೋಲಾರ, ಮುಳಬಾಗಿಲಿನ ಮೇಲೆ ತಮಿಳುನಾಡಿನ ವೆಲ್ಲೂರಿಗೆ. ಕಳಚಿಬಿದ್ದ 48 ಎಲ್ಲಿಗೆ ಹೋಯಿತು? ದೆಹಲಿಯಿಂದ ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ, ತುಮಕೂರು, ಬೆಂಗಳೂರು ಹಾದು ಚೆನ್ನೈಗೆ ಹೋಗುವ ಮಹಾ ಹೆದ್ದಾರಿಗೆ. ನೆಲಮಂಗಲದಲ್ಲಿ ಈ ಎರಡು ರಸ್ತೆಗಳು ಸೇರುತ್ತವೆ. ನಮ್ಮ ಹಳೆಯ ಸಂಖ್ಯೆಯನ್ನು ಹೊತ್ತ ರಸ್ತೆ ಅಲ್ಲಿ ಎದುರಿಗೆ ಬಂದು ನಿಂತಿರುತ್ತದೆ. ಹದಿನೈದು ವರ್ಷ ಕಳೆದರೂ ಹಾಸನದಲ್ಲಿ ಹಳಬರು ಇದನ್ನು 'ಫಾರ್ಟಿ ಎಯ್ಟು' ಅನ್ನುವುದುಂಟು. ಅವರ ಮಕ್ಕಳು 'ಎಪ್ಪತ್ತೈದು' ಅನ್ನುತ್ತಾರೆ. ಇಬ್ಬರೂ 'ಬಿ.ಎಂ. ರೋಡಲ್ಲಿ ಸಿಗ್ತೀನಿ' ಅಂದಾಗ ಗೊಂದಲವೇ ಇಲ್ಲ. ದೆಹಲಿಯಲ್ಲಿ ಕೂತು ಕೊಟ್ಟ ಸಂಖ್ಯೆ ಒಂದು ಆದೇಶಕ್ಕೆ ಅಳಿಸಿಹೋಯಿತು; ಜನ ಕೊಟ್ಟ ಎರಡು ಅಕ್ಷರ ಉಳಿಯಿತು.

ಹಾಸನ–ಹೊಳೆನರಸೀಪುರದ ರಸ್ತೆಗೂ ಈಗ ಒಂದು ಸಂಖ್ಯೆ ಬಂದಿದೆ: 373. ಮೂರಂಕಿಯ ಹೆದ್ದಾರಿ ಎಂದರೆ ಕವಲು. ಕೊನೆಯ ಎರಡು ಅಂಕಿ ತಾಯಿ ರಸ್ತೆಯದು, ಮೊದಲಿನದು ಕವಲಿನದು. ಮಂಗಳೂರಿನಿಂದ ಬೇಲೂರು, ಅರಸೀಕೆರೆಯ ಮೇಲೆ ತುಮಕೂರಿಗೆ ಹೋಗುವ 73ರ ಕವಲು ಇದು. ಬೇಲೂರಿನಿಂದ ಹಾಸನ, ಅಲ್ಲಿಂದ ಹೊಳೆನರಸೀಪುರ, ಮುಂದೆ ಮೈಸೂರು ಸೀಮೆಯ ಬಿಳಿಕೆರೆ. ರಸ್ತೆಗಳಿಗೂ ವಂಶವೃಕ್ಷ ಇದೆ ಎಂದು ತಿಳಿದಾಗ ನನಗೆ ಸಂತೋಷವಾಯಿತು. ಆದರೆ ಸಂತೆಗೆ ಹೋಗುವ ಅಜ್ಜಿಯ ಬಾಯಲ್ಲಿ ಆ ಸಂಖ್ಯೆ ನಾನು ಕೇಳಿಲ್ಲ, ಕೇಳಲಾರೆ.

ಅದೇ ರಸ್ತೆಯಲ್ಲಿ ಹೊಳೆನರಸೀಪುರ ದಾಟಿ ಮೈಸೂರಿನ ಕಡೆ ಸಾಗಿದರೆ ನನಗೆ ಬಹಳ ಇಷ್ಟದ ಊರೊಂದು ಬರುತ್ತದೆ: ಹಳ್ಳಿಮೈಸೂರು. ಹೆಸರಿನಲ್ಲಿಯೇ ವಿನಯವೂ ಇದೆ, ಅಭಿಮಾನವೂ ಇದೆ. ಮೈಸೂರಿಗೆ ಹೊರಟವರಿಗೆ ಮೈಸೂರಿಗಿಂತ ಮೊದಲು ಒಂದು ಮೈಸೂರು ಸಿಗುತ್ತದೆ. ಸಂಜೆ ಬಸ್ಸಿನಲ್ಲಿ ತೂಕಡಿಸುತ್ತಿದ್ದ ಮಗು ಕಂಡಕ್ಟರ್ 'ಮೈಸೂರ್, ಮೈಸೂರ್' ಎಂದದ್ದಕ್ಕೆ ಕಣ್ಣು ಬಿಟ್ಟು, ಅರಮನೆ ದೀಪಕ್ಕಾಗಿ ಕಿಟಕಿಗೆ ಮುಖ ಒತ್ತುವುದನ್ನು ನೋಡಿದ್ದೇನೆ. ತಾಯಿ ಹೇಳಿದಳು: "ಇದು ಹಳ್ಳಿಮೈಸೂರು ಕಣೊ, ಪುಟ್ಟ. ಮಲ್ಗು. ಆ ಮೈಸೂರು ಬಂದ್ರೆ ನಾನೇ ಏಳಿಸ್ತೀನಿ." ಎರಡು ಮೈಸೂರುಗಳ ನಡುವೆ ಒಂದು ನಿದ್ದೆಯ ದೂರ. ಆ ಮಗುವಿಗೆ ಅವತ್ತು ಭೂಗೋಳ ಎಷ್ಟು ತಿಳಿಯಿತೋ ಅಷ್ಟನ್ನು ಯಾವ ನಕ್ಷೆಯೂ ಕಲಿಸಲಾರದು.

ಅರಕಲಗೂಡಿನ ಕಡೆ ಹೆಸರುಗಳು ಇನ್ನೊಂದು ಬಗೆಯಲ್ಲಿ ಆಡುತ್ತವೆ. ತಾಲ್ಲೂಕಿನ ಕೇಂದ್ರ, ಕಚೇರಿ–ಕೋರ್ಟುಗಳಿರುವ ಊರು; ಅದರ ಹೆಸರಿನ ಕೊನೆಯಲ್ಲಿರುವುದು ಬರೀ 'ಗೂಡು'. ಆ ತಾಲ್ಲೂಕಿನ ಹಳ್ಳಿಗಳ ಹೆಸರು ನೋಡಿ: ರುದ್ರಪಟ್ಟಣ, ಬಸವಾಪಟ್ಟಣ, ಮಲ್ಲಿಪಟ್ಟಣ. ಪಟ್ಟಣಗಳೆಲ್ಲ ಗೂಡಿಗೆ ಬಂದು ಅರ್ಜಿ ಕೊಟ್ಟು ಹೋಗುತ್ತವೆ. ಗೌತಮ ಋಷಿ ಅರ್ಕನನ್ನು, ಅಂದರೆ ಸೂರ್ಯನನ್ನು, ಇಲ್ಲಿ ಪೂಜಿಸಿದನೆಂದೂ ಅರ್ಕನ ಗುಡಿಯಿಂದ ಊರಿಗೆ ಈ ಹೆಸರಾಯಿತೆಂದೂ ಸ್ಥಳಪುರಾಣ. ಅರ್ಕೇಶ್ವರನ ಗುಡಿ ಈಗಲೂ ಇದೆ. ಪುರಾಣ ಹೇಗೇ ಇರಲಿ, ಸೂರ್ಯನಿಗೊಂದು ಗೂಡು ಎಂದು ನಾನು ನನ್ನಷ್ಟಕ್ಕೆ ಓದಿಕೊಳ್ಳುತ್ತೇನೆ. ಸಂಜೆ ರಾಮನಾಥಪುರದಿಂದ ಆ ಊರಿಗೆ ಬರುವಾಗ ಆ ಓದು ತಪ್ಪೆನಿಸುವುದೂ ಇಲ್ಲ.

ಅರಕಲಗೂಡಿನಲ್ಲಿ ಒಂದು ಅನಕೃ ವೃತ್ತ ಇದೆ. ಕಾದಂಬರಿಕಾರರ ಹೆಸರಿನ ವೃತ್ತ ನಮ್ಮ ನಾಡಿಗೆ ಹೊಸದಲ್ಲ. ಆದರೆ ಈ ವೃತ್ತದ ಮುಂದೆ ನಿಂತು ಆ ಮೂರಕ್ಷರವನ್ನು ಬಿಡಿಸಿ ಓದಿ. ಅ ಎಂದರೆ ಅರಕಲಗೂಡು, ನ ಎಂದರೆ ನರಸಿಂಗರಾಯರು, ಅವರ ತಂದೆ. ಕೃ ಎಂದರೆ ಕೃಷ್ಣರಾಯರು. 1908ರಲ್ಲಿ ಹುಟ್ಟಿ 1971ರಲ್ಲಿ ತೀರಿಕೊಂಡ ಅವರು ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪ್ರತಿ ಪುಸ್ತಕದ ರಕ್ಷಾಪುಟದ ಮೇಲೂ ಮೊದಲ ಅಕ್ಷರವಾಗಿ ಅರಕಲಗೂಡು ನಾಡೆಲ್ಲ ತಿರುಗಿತು. ಧಾರವಾಡದ ಅಂಗಡಿಗೂ ಹೋಯಿತು, ಕಾಸರಗೋಡಿನ ವಾಚನಾಲಯಕ್ಕೂ ಹೋಯಿತು. ಆಮೇಲೆ ವೃತ್ತದ ಫಲಕವಾಗಿ ಮನೆಗೆ ಮರಳಿತು. ಯಾವ ಊರೂ ತನ್ನ ಹೆಸರಿನ ರಸ್ತೆಯನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ ಎಂದು ಮೇಲೆ ಹೇಳಿದೆ. ಅರಕಲಗೂಡು ಅದಕ್ಕೊಂದು ಹೊರತು. ಒಂದೇ ಒಂದು ಅಕ್ಷರದ ಮರೆಯಲ್ಲಿ ಅದು ತನ್ನ ವೃತ್ತಕ್ಕೆ ತನ್ನ ಹೆಸರನ್ನೂ ಇಟ್ಟುಕೊಂಡಿದೆ. ಹೀಗೆ ಇಡಬೇಕೆಂದು ಯಾರೂ ಯೋಚಿಸಿರಲಾರರು. ಯೋಚಿಸಿದ್ದರೆ ಇಷ್ಟು ಚೆನ್ನಾಗಿ ಬರುತ್ತಲೂ ಇರಲಿಲ್ಲ.

ಊರಿನ ಹೆಸರು ಮನುಷ್ಯನ ಹೆಸರಾಗಿ ದೂರ ಹೋಗುವುದಕ್ಕೆ ಇನ್ನೊಂದು ಸಾಕ್ಷಿ ಹತ್ತಿರದಲ್ಲೇ ಇದೆ. ಹಾಸನದಿಂದ ಗೊರೂರಿಗೆ ಹೋಗುವ ರಸ್ತೆ ಹೇಮಾವತಿ ಅಣೆಕಟ್ಟೆಗೆ ಮುಟ್ಟಿಸುತ್ತದೆ. ಆ ಊರಿನ ರಾಮಸ್ವಾಮಿ ಅಯ್ಯಂಗಾರರಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಪುಸ್ತಕದ ಹೆಸರು 'ಅಮೆರಿಕದಲ್ಲಿ ಗೊರೂರು'. ಅಮೆರಿಕಕ್ಕೆ ಹೋದದ್ದು ಒಬ್ಬ ಲೇಖಕರೋ, ಇಡೀ ಹಳ್ಳಿಯೋ? ಆ ಪುಸ್ತಕ ಓದಿದವರು ಹಳ್ಳಿಯೇ ಹೋಗಿತ್ತು ಎನ್ನುತ್ತಾರೆ. ನನ್ನ ಮತವೂ ಅದೇ.

ಇನ್ನು ಹಾಸನದ ಒಳಗಿನ ಹೆಸರುಗಳು. ಇವುಗಳ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ತಣ್ಣೀರುಹಳ್ಳ, ರಂಗೋಲಿಹಳ್ಳ, ಕಟ್ಟಿನಕೆರೆ, ಹುಣಸಿನಕೆರೆ, ದೇವಿಗೆರೆ. ಹಾಸನದ ವಿಳಾಸ ಬರೆಯುವುದೆಂದರೆ ನೀರಿನ ಹೆಸರು ಬರೆಯುವುದು. ಕಟ್ಟಿನಕೆರೆ ಎಂದರೆ ಇವತ್ತಿನವರಿಗೆ ತರಕಾರಿ ಮಾರುಕಟ್ಟೆ: ಕೊತ್ತಂಬರಿ ಕಟ್ಟು, ಆಲೂಗಡ್ಡೆ ಮೂಟೆ, ಮೆಣಸಿನಕಾಯಿ ರಾಶಿ. ಆದರೂ ಯಾರೂ 'ಮಾರ್ಕೆಟ್ಟಿಗೆ' ಎಂದಷ್ಟೇ ಹೇಳಿ ಮುಗಿಸುವುದಿಲ್ಲ. 'ಕಟ್ಟಿನಕೆರೆಗೆ ಹೋಗಿ ಸೊಪ್ಪು ತತ್ತೀನಿ' ಅನ್ನುತ್ತಾರೆ. ಕೆರೆಗೆ ಹೋಗಿ ಸೊಪ್ಪು ತರುವುದು! ಹೊರಗಿನಿಂದ ಬಂದವರಿಗೆ ಇದು ತಮಾಷೆ ಅನಿಸಬಹುದು. ನಮಗೆ ಅದರಲ್ಲಿ ತಮಾಷೆ ಕಾಣುವುದೇ ಇಲ್ಲ.

ರಂಗೋಲಿಹಳ್ಳದ ಹೆಸರು ಮೊದಲ ಸಲ ಕೇಳಿದವರು ಒಮ್ಮೆ ನಿಂತು ಮತ್ತೆ ಕೇಳುತ್ತಾರೆ. ಹಳ್ಳಕ್ಕೂ ರಂಗೋಲಿಗೂ ಎಲ್ಲಿಯ ನಂಟು? ಬಸ್‌ ಸ್ಟ್ಯಾಂಡಿನ ಹತ್ತಿರ ವಯಸ್ಸಾದ ಆಟೊದವರೊಬ್ಬರನ್ನು ಕೇಳಿದೆ. "ಯಾಕೆ ಸಾ, ಹೆಸ್ರು ಚೆನ್ನಾಗಿಲ್ವಾ?" ಎಂದರು. ಚೆನ್ನಾಗಿದೆ, ಅದಕ್ಕೇ ಕೇಳಿದೆ ಎಂದೆ. ಮೀಟರ್ ಕಡೆ ನೋಡುತ್ತ ಸ್ವಲ್ಪ ಹೊತ್ತು ಯೋಚಿಸಿದರು. "ನಮ್ಮವ್ವ ಹಂಗೇ ಅಂತಿದ್ಲು. ಅವಳವ್ವನೂ ಹಂಗೇ ಅಂತಿದ್ಲಂತೆ. ಇನ್ನೇನು ಬೇಕು ಹೇಳಿ. ಹತ್ತಿ, ಬಿಟ್ಟು ಬತ್ತೀನಿ." ನಾನು ಹತ್ತಿದೆ. ಅವರ ಉತ್ತರಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಯಾವ ಪುಸ್ತಕದಲ್ಲೂ ನೋಡಿಲ್ಲ. ಹೆಸರಿನ ಪ್ರಮಾಣ ಎಂದರೆ ಅದೇ: ಅವ್ವ ಅಂದದ್ದು, ಅವಳವ್ವ ಅಂದದ್ದು.

ಪೆನ್ಷನ್ ಮೊಹಲ್ಲಾ ಇದೆ. ಅಲ್ಲೊಂದು ಪೊಲೀಸ್ ಠಾಣೆಯೂ ಇದೆ, ಅದಕ್ಕೂ ಅದೇ ಹೆಸರು. ಆ ಮೊಹಲ್ಲಾದಿಂದ ಬೆಳಿಗ್ಗೆ ಹೊರಡುವವರನ್ನು ನೋಡಿದರೆ ಶಾಲೆಯ ಚೀಲ ಹೊತ್ತ ಮಕ್ಕಳು, ಮೊದಲ ಕೆಲಸಕ್ಕೆ ಇಸ್ತ್ರಿ ಅಂಗಿ ಹಾಕಿ ಹೊರಟ ಹುಡುಗರು, ಹುಡುಗಿಯರು. ಇನ್ನೂ ಮೊದಲ ಸಂಬಳ ಕಾಣದವರ ಆಧಾರ್ ಕಾರ್ಡಿನಲ್ಲಿ ಪೆನ್ಷನ್ ಎಂದಿದೆ. ಯಾವ ಕಾಲದಲ್ಲೋ ಸೇವೆ ಮುಗಿಸಿ ಬಂದು ಇಲ್ಲಿ ನೆಲೆಸಿದವರ ನೆರಳು ಆ ಹೆಸರಿನಲ್ಲಿದೆ ಅನ್ನಿಸುತ್ತದೆ. ಹೊಸಲೈನ್ ರಸ್ತೆಯೂ ಇದೆ. 'ಹೊಸ' ಎನಿಸಿಕೊಂಡು ಎಷ್ಟು ಕಾಲವಾಯಿತೋ, ಈಗ ಅದು ಹಳೆಯ ಹಾಸನದ ಭಾಗ. ಹೊಸದು ಎಂಬ ಹೆಸರು ಹೊತ್ತವಕ್ಕೆ ಹಳತಾಗುವ ಯೋಗ ತಪ್ಪಿದ್ದಲ್ಲ. ಹೊಳೆನರಸೀಪುರದಲ್ಲಿ ರಿವರ್ ಬ್ಯಾಂಕ್ ರಸ್ತೆ ಇದೆ. ಹೊಳೆಯ ದಂಡೆ ಎಂದು ಕನ್ನಡದಲ್ಲಿ ಕರೆಯಬಹುದಿತ್ತು. ಊರಿನ ಹೆಸರಿನಲ್ಲಿ ಆಗಲೇ ಹೊಳೆ ಇದೆಯಲ್ಲ ಎಂದು ಬಿಟ್ಟರೋ ಏನೋ.

ಹಾಸನದ ಬಿ.ಎಂ. ರಸ್ತೆಯಲ್ಲಿ ಹೇಮಾವತಿ ಪ್ರತಿಮೆ ಇದೆ. ನದಿಯೇ ಹೆಣ್ಣಾಗಿ ಬಂದು ನಿಂತಿದ್ದಾಳೆ. ರೈತರ ಧರಣಿ, ಕನ್ನಡ ಸಂಘಟನೆಗಳ ಪ್ರತಿಭಟನೆ, ಎಲ್ಲವೂ ಅವಳ ಎದುರಿಗೇ. ಸ್ವಲ್ಪ ದೂರದಲ್ಲಿ ಡೈರಿ ಸರ್ಕಲ್. ಒಂದೇ ರಸ್ತೆಯಲ್ಲಿ ನೀರೂ ಇದೆ, ಹಾಲೂ ಇದೆ. ಎನ್.ಆರ್. ಸರ್ಕಲ್ ಎಂದರೆ ನರಸಿಂಹರಾಜ, ಕೆ.ಆರ್. ಪುರಂ ಎಂದರೆ ಕೃಷ್ಣರಾಜ. ದೊಡ್ಡವರ ಹೆಸರುಗಳನ್ನು ಎರಡೆರಡು ಅಕ್ಷರಕ್ಕೆ ಮಡಿಚಿ ಜೇಬಿಗೆ ಹಾಕಿಕೊಂಡಿದ್ದೇವೆ. ಇದನ್ನು ಅಗೌರವ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ದಿನಾ ಬಳಸುವ ಹೆಸರು ಸವೆಯುತ್ತದೆ. ಸವೆಯದೆ ಪೂರ್ತಿಯಾಗಿ ಉಳಿದಿರುವುದು ಯಾರೂ ಬಳಸದ ಹೆಸರು.

ಹಾಸನದ ಬಸ್ಸು ಬೆಂಗಳೂರು ಸೇರುವಾಗ ಇದೇ ಮಾತಿಗೆ ಸಾಕ್ಷಿ ಸಿಗುತ್ತದೆ. ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಕಂಡಕ್ಟರ್ 'ಎಂಟನೇ ಮೈಲಿ' ಎಂದು ಕೂಗುತ್ತಾರೆ. ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಆಮೇಲೆ ಮೈಲಿಗಲ್ಲುಗಳೆಲ್ಲ ಕಿಲೋಮೀಟರ್ ಕಲ್ಲುಗಳಾದವು. ಆದರೆ ಇಳಿಯುವವರು ಇವತ್ತಿಗೂ ಎಂಟನೇ ಮೈಲಿಯಲ್ಲೇ ಇಳಿಯುತ್ತಾರೆ. ಒಂದು ದೂರವೇ ಜಾಗವಾಗಿಬಿಟ್ಟಿದೆ. ಕೊನೆಗೆ ಮೆಜೆಸ್ಟಿಕ್. ನಿಲ್ದಾಣದ ಫಲಕದಲ್ಲಿರುವುದು ಕೆಂಪೇಗೌಡರ ಹೆಸರು, ಮೆಜೆಸ್ಟಿಕ್ ಎಂಬ ಚಿತ್ರಮಂದಿರ ನೆಲಸಮವಾಗಿ ಎಷ್ಟೋ ಕಾಲವಾಗಿದೆ. ಹಾಸನದ ಹಳ್ಳಿಯಿಂದ ಮೊದಲ ಸಲ ಕೆಲಸ ಹುಡುಕಿ ಹೊರಟವನಿಗೆ ಮನೆಯವರು ಹೇಳುವ ಮೊದಲ ಮಾತೇ 'ಮೆಜೆಸ್ಟಿಕ್ಕಲ್ಲಿ ಇಳ್ಕೊ'. ಇಲ್ಲದ ಟಾಕೀಸಿನ ಹೆಸರು ಹಿಡಿದು ಲಕ್ಷಾಂತರ ಜನ ದಾರಿ ತಪ್ಪದೆ ಬದುಕು ಕಟ್ಟಿಕೊಂಡಿದ್ದಾರೆ. ಕೆಂಗಲ್ ಹನುಮಂತಯ್ಯ ರಸ್ತೆಯನ್ನು ಡಬಲ್ ರೋಡ್ ಎನ್ನುವುದೂ ಹಾಗೆಯೇ. ವಿಧಾನಸೌಧ ಕಟ್ಟಿಸಿದವರ ಮೇಲೆ ಜನರಿಗೆ ಗೌರವ ಕಡಿಮೆಯೇನಲ್ಲ. ಕಣ್ಣಿಗೆ ಮೊದಲು ಕಂಡದ್ದು ಎರಡು ಭಾಗವಾಗಿದ್ದ ಆ ಅಗಲವಾದ ರಸ್ತೆ, ಅಷ್ಟೆ.

ಹೆದ್ದಾರಿಯ ಉದ್ದಕ್ಕೂ ನಮ್ಮ ಕಡೆ 'ಗೇಟ್'ಗಳಿವೆ. ಊರಿನ ಹೆಸರಿಗೆ ಗೇಟ್ ಸೇರಿಸಿದರೆ, ಊರಿನ ದಾರಿ ಹೆದ್ದಾರಿಗೆ ಬಂದು ಮುಟ್ಟುವ ಜಾಗ ಎಂದರ್ಥ. ಅಲ್ಲಿ ಬಾಗಿಲಿಲ್ಲ, ಚಿಲಕವಿಲ್ಲ. ಒಂದು ಅರಳಿಕಟ್ಟೆ, ಒಂದು ಬೋಂಡಾ ಅಂಗಡಿ, ನಿಂತ ಎರಡು ಬೈಕು. ಕೆಲವು ಕಡೆ ಇದೇ 'ಕೂಡಿಗೆ' ಆಗುತ್ತದೆ. ಆಲೂರಿನ ಕಡೆ ಈಶ್ವರಹಳ್ಳಿ ಕೂಡಿಗೆ ಇದೆ. ಕೊಡಗಿನ ಕೂಡಿಗೆಯಲ್ಲಿ ಹಾರಂಗಿಯೂ ಕಾವೇರಿಯೂ ಕೂಡುತ್ತವೆ. ಇಲ್ಲಿ ಕೂಡುವುದು ಬರೀ ರಸ್ತೆಗಳು. ಆದರೂ ಹೊಳೆಗಳಿಗೆ ಇಟ್ಟ ಹೆಸರನ್ನೇ ರಸ್ತೆಗೂ ಇಟ್ಟ ಜನ ಎಂಥವರಿರಬೇಕು! ಮೂಡಿಗೆರೆ ಕಡೆ ಹೋದರೆ ಅದೇ ಹ್ಯಾಂಡ್‌ಪೋಸ್ಟ್, ಎಚ್.ಡಿ. ಕೋಟೆಯಲ್ಲೂ ಒಂದಿದೆ. ದಾರಿ ತೋರುವ ಕೈಮರದ ಹೆಸರೇ ಊರಿನ ಹೆಸರಾಗಿ ನಿಂತಿದೆ.

ಇಂಗ್ಲೆಂಡಿನ ಯಾರ್ಕ್ ನಗರದಲ್ಲೂ ಗೇಟುಗಳಿವೆ. ಸ್ಟೋನ್‌ಗೇಟ್, ಕಾಪರ್‌ಗೇಟ್. ಅಲ್ಲೂ ಬಾಗಿಲಿಲ್ಲ. 866ರಲ್ಲಿ ಆ ಊರನ್ನು ಹಿಡಿದ ವೈಕಿಂಗರ ಭಾಷೆಯಲ್ಲಿ 'ಗಾಟಾ' ಎಂದರೆ ಬೀದಿ. ಆಳಿದವರು ಹೋಗಿ ಸಾವಿರ ವರ್ಷವಾದರೂ ಬೀದಿಗಳು ಅವರ ಮಾತನ್ನು ಬಿಟ್ಟಿಲ್ಲ. ಅಲ್ಲಿನ ಒಂದು ಗೇಣುದ್ದದ ಬೀದಿಗೆ ವಿಪ್-ಮಾ-ವಾಪ್-ಮಾ-ಗೇಟ್ ಎಂಬ ಹೆಸರು. ಬೀದಿಗಿಂತ ಹೆಸರೇ ಉದ್ದ ಎಂದು ನೋಡಲು ಹೋದವರು ಹೇಳುತ್ತಾರೆ. ಆ ಊರಿನವರು ಅದನ್ನು ಚಿಕ್ಕದು ಮಾಡಲಿಲ್ಲ, ನಗೆಪಾಟಲೆಂದು ಬದಲಿಸಲೂ ಇಲ್ಲ. ಫಲಕ ಹಾಕಿ ಕಾಪಾಡಿಕೊಂಡಿದ್ದಾರೆ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕೆಂದೇ ಜನ ಬರುತ್ತಾರೆ.

ಶಾಂತಿಗ್ರಾಮಕ್ಕೆ ಬರೋಣ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಟೋಲ್ ಇರುವುದು ಅಲ್ಲೇ. ಹೊಯ್ಸಳ ವಿಷ್ಣುವರ್ಧನನ ರಾಣಿ, ನಾಟ್ಯವಿಶಾರದೆ ಶಾಂತಲೆಯ ಹೆಸರಿನೊಂದಿಗೆ ಜನ ಈ ಊರನ್ನು ನೆನೆಯುತ್ತಾರೆ. ಈಗ ತೂತುಕುಡಿಯ ಲಾರಿ ಚಾಲಕನಿಗೂ ಗುಜರಾತಿನ ಟ್ಯಾಂಕರ್‌ನವನಿಗೂ ಇದು ಒಂದು ಟೋಲ್. ಫಾಸ್ಟ್ಯಾಗ್‌ನಿಂದ ಹಣ ಕಡಿತವಾದ ಸಂದೇಶ ಫೋನಿಗೆ ಬರುತ್ತದಲ್ಲ, ಅದರಲ್ಲಿ ಆ ಹೆಸರು ಇರುತ್ತದೆ. ಹನ್ನೆರಡನೆಯ ಶತಮಾನದ ಒಬ್ಬ ನರ್ತಕಿಯ ನೆನಪು ಹೀಗೆ ಹಗಲು ರಾತ್ರಿ ಗೊತ್ತಿಲ್ಲದವರ ಜೇಬಿನಲ್ಲಿ ಸದ್ದು ಮಾಡುತ್ತದೆ. ಟೋಲಿಗೆ ಒಂದು ಸಂಖ್ಯೆ ಕೊಟ್ಟು ಮುಗಿಸಬಹುದಿತ್ತು. ಹಾಗಾಗಲಿಲ್ಲವೆಂಬುದು ನನಗೆ ಸಮಾಧಾನ.

ಪಶ್ಚಿಮಕ್ಕೆ, ಸಕಲೇಶಪುರ ದಾಟಿದರೆ ಹೆಸರುಗಳಿಗೆ ಕಾಡಿನ ವಾಸನೆ. ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಯ ಬಳಿಯ ಆನೆಮಹಲ್. ಕಾಡಾನೆಗಳ ಓಡಾಟ ದಿನದ ಸುದ್ದಿಯಾಗಿರುವ ಸೀಮೆಯಲ್ಲಿ ಆ ಹೆಸರು ಈಗ ಬೇರೆಯದೇ ಧ್ವನಿಯಲ್ಲಿ ಕೇಳಿಸುತ್ತದೆ. ಶಿರಾಡಿಯ ತಿರುವೊಂದಕ್ಕೆ ಡಬಲ್ ಟರ್ನ್. ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುವ ಇನ್ನೊಂದು ದಾರಿಗೆ ಬಿಸಿಲೆ ಘಾಟಿ. ಮಳೆಗಾಲದಲ್ಲಿ ಅಲ್ಲಿ ಹೋದವರಿಗೆ ತಿಳಿಯುತ್ತದೆ: ತಲೆಯ ಮೇಲೆ ಮರದ ಚಪ್ಪರ, ಕಾಲಿಗೆ ಜಿಗಣೆ, ನಡು ಮಧ್ಯಾಹ್ನಕ್ಕೂ ಗಾಡಿಯ ದೀಪ ಹಾಕಬೇಕು. ಆ ದಾರಿಗೆ ಬಿಸಿಲೆ ಎಂಬ ಹೆಸರು!

ಕೊನೆಗೂ ಹಾಸನ ಎಂಬ ಹೆಸರಿಗೇ ಬರಬೇಕು. ಮೊಲವೊಂದು ನಾಯಕನೊಬ್ಬನಿಗೆ ಅಡ್ಡ ಬಂದು ಊರೊಳಗೆ ನುಗ್ಗಿತು, ಅಪಶಕುನವೆಂದು ಅವನು ಕಂಗೆಟ್ಟ, ಆಗ ಹಾಸನಾಂಬೆ ಕಾಣಿಸಿಕೊಂಡು ಅಲ್ಲಿಯೇ ಕೋಟೆ ಕಟ್ಟು ಎಂದಳು ಎಂಬುದು ಐತಿಹ್ಯ. ಹಾಸನಾಂಬೆ ಎಂದರೆ ನಗುಮುಖದ ತಾಯಿ ಎಂದು ಭಕ್ತರು ಹೇಳುತ್ತಾರೆ. ಆಶ್ವಯುಜದ ಹುಣ್ಣಿಮೆಯ ನಂತರದ ಮೊದಲ ಗುರುವಾರ ಬಾಳೆಕಂದು ಕಡಿದು ಗುಡಿಯ ಬಾಗಿಲು ತೆರೆಯುತ್ತಾರೆ. ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚಿದರೆ ಮತ್ತೆ ತೆರೆಯುವುದು ಮರುವರ್ಷ. ನಗುವಿನ ಹೆಸರಿನ ಊರಿಗೆ ಬೇಲೂರಿನಿಂದ, ಹೊಳೆನರಸೀಪುರದಿಂದ, ಅರಕಲಗೂಡಿನಿಂದ ಬರುವ ರಸ್ತೆಗಳಿಗೆಲ್ಲ ಹಾಸನ ರಸ್ತೆ ಎಂದೇ ಹೆಸರು. ನಡೆದು ಬರುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯ ಹೆಸರು ಸಿಕ್ಕೀತೆ?

ಈಗ ಎಲ್ಲ ಊರಿನಲ್ಲೂ ಬಡಾವಣೆಗಳು ಏಳುತ್ತಿವೆ. ಒಂದನೇ ಮೇನ್, ಎರಡನೇ ಕ್ರಾಸ್, ಅರವತ್ತಡಿ ರಸ್ತೆ, ಎಂಬತ್ತಡಿ ರಸ್ತೆ. ಅಂಚೆಯವರಿಗೆ ಅನುಕೂಲ, ಒಪ್ಪುತ್ತೇನೆ. ಆ ಜಮೀನಿಗೆ ಮೊದಲು ಒಂದು ಹೆಸರಿತ್ತಲ್ಲ, ಹೊಲದ ಹೆಸರು, ಕಟ್ಟೆಯ ಹೆಸರು, ಮರದ ಹೆಸರು. ಅದನ್ನು ಕೇಳಿಟ್ಟುಕೊಂಡವರು ಯಾರು? ಮಹನೀಯರ ಹೆಸರು ಇಡುವುದಕ್ಕೂ ನನ್ನ ವಿರೋಧವಿಲ್ಲ, ಇಡಲಿ. ಹಳೆಯದನ್ನು ಒರೆಸಿ ಇಡುವುದು ಬೇಡ ಎಂಬುದಷ್ಟೇ ನನ್ನ ಮಾತು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪುರಾಡಳಿತದವರಲ್ಲಿ ನನ್ನದೊಂದು ಕೋರಿಕೆ. ಬೀದಿಗೆ ಹೊಸ ಫಲಕ ಬರೆಸುವಾಗ ಅಧಿಕೃತ ಹೆಸರಿನ ಕೆಳಗೆ ಜನ ಕರೆಯುವ ಹೆಸರನ್ನೂ ಒಂದು ಸಾಲಿನಲ್ಲಿ ಬರೆಸಿ. ಬಣ್ಣದ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ. ಓದುಗರಲ್ಲೂ ಒಂದು ಕೋರಿಕೆ: ನಿಮ್ಮ ಬೀದಿಯ ಅತಿ ಹಿರಿಯರು ಯಾರೆಂದು ನಿಮಗೆ ಗೊತ್ತಿರುತ್ತದೆ. ಈ ವಾರವೇ ಹೋಗಿ, ಜಗಲಿಯಲ್ಲಿ ಕೂತು, ಈ ಬೀದಿಗೆ ಮೊದಲು ಏನಂತಿದ್ರಿ ಎಂದು ಕೇಳಿ. ಹೇಳಿದ್ದನ್ನು ತಾರೀಖು ಹಾಕಿ ಬರೆದಿಡಿ.